ಅಮ್ಮ ಪದ್ಯ ಕೇಳಿದಳು

ನವೆಂಬರ್ ೧೧, ಮಂಗಳವಾರ

ಅಮ್ಮ ಇವತ್ತು ಪದ್ಯ ಕೇಳಿದಳು. ಯಾಕೆ?

ನನ್ನ ಪದ್ಯಗಳಿಗಾಗಿಯೇ ಪೊಲೀಸರು ಮನೆ ಜಾಲಾಡಿದ್ದು, ನಾನು ದೇಶ ಬಿಟ್ಟಿದ್ದು. ಅಂದಿನಿಂದ ಫೋನಿನಲ್ಲಿ ಆ ಸುದ್ದಿ ಎತ್ತಿದರೆ ಸಾಕು, "ಅದೊಂದು ಬಿಟ್ಟು ಬೇರೇನಾದ್ರೂ ಮಾತಾಡೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇವತ್ತು ಲಾಂಡ್ರಿಯಲ್ಲಿ ಹೋಟೆಲಿನ ಚಾದರಗಳಿಗೆಲ್ಲ ಇಸ್ತ್ರಿ ಹಾಕಿ ಆಗಷ್ಟೇ ಕೂತಿದ್ದೆ. ಅಮ್ಮ ಫೋನ್ ಮಾಡಿ ತಾನಾಗಿಯೇ, "ಹೊಸದೇನಾದ್ರೂ ಬರ್ದಿದ್ರೆ ಓದೇ, ಕೇಳ್ತೀನಿ" ಅಂದಳು. ಅವಳ ಹಿಂದೆ ಯಾರೋ ಗಂಡಸು ಕೆಮ್ಮಿದ.

"ಯಾರಮ್ಮ ಅದು?"

"ಯಾರೂ ಇಲ್ಲ, ಟೀವಿ."

ಟೀವಿಯವರು ಅಷ್ಟು ಹತ್ತಿರ ಕೂತು ಕೆಮ್ಮುತ್ತಾರೆಯೇ?

"ಬರೆಯೋದು ಬಿಟ್ಟು ಕಾಲ ಆಯ್ತಮ್ಮ" ಅಂದೆ. ಹೊಸ ಪದ್ಯ ಏಪ್ರನ್ ಜೇಬಿನಲ್ಲಿತ್ತು.

"ಹೋಗ್ಲಿ, ಹಳೇದು ನಾನೇ ಹೇಳ್ತೀನಿ" ಎಂದು ಶುರು ಮಾಡಿಯೇಬಿಟ್ಟಳು. ಪೊಲೀಸರು ಹೊತ್ತೊಯ್ದ ಪದ್ಯ, ನನಗೇ ಮರೆತುಹೋಗಿತ್ತು. ಅವಳು ಎಲ್ಲೂ ತಡವರಿಸಲಿಲ್ಲ. ನಾನು ಹೆದರಿ ಅರ್ಧದಲ್ಲೇ ಫೋನ್ ಕಟ್ ಮಾಡಿದೆ.

ಪೊಲೀಸರು ಒಯ್ಯುವ ಮೊದಲೇ ಗುಟ್ಟಾಗಿ ಬಾಯಿಪಾಠ ಮಾಡಿಕೊಂಡಿದ್ದಳೋ? ಇಲ್ಲವೇ ಆ ಕೆಮ್ಮಿದವನು ಒಯ್ದ ಹಾಳೆಯನ್ನೇ ಮುಂದೆ ಹಿಡಿದು ಓದಿಸುತ್ತಿದ್ದನೋ?

ದೀಪ ಆರಿಸಿ ಮಲಗಿದವಳು ಎದ್ದು, ಅವಳು ಹೇಳಿದಷ್ಟನ್ನೂ ಬರೆದಿಟ್ಟೆ. ಮುಂದಿನ ಸಾಲು ನೆನಪಿಗೆ ಬರುತ್ತಿಲ್ಲ. ಕೇಳುವುದಾದರೆ ಅಮ್ಮನನ್ನೇ ಕೇಳಬೇಕು, ಆ ಕೆಮ್ಮಿದವನು ಪಕ್ಕದಲ್ಲೇ ಕೂತಿದ್ದರೂ.