ಲಾಡಿಯ ಕೆಳಗಿನ ಕಪ್ಪು ಹಕ್ಕಳೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಂಗಿ ಮುನಿಲಕ್ಷ್ಮಿ ಸ್ಕ್ರಬ್ ಟೈಫಸ್ ಜ್ವರದಿಂದ ಸತ್ತಳು. ಆ ಜ್ವರ ನಮ್ಮ ಕಡೆ ಇಲ್ಲವೇ ಇಲ್ಲ ಎಂದು ನಿಮ್ಮ ಕಚೇರಿಯಲ್ಲಿ ಹೇಳಿದರು. ಪರೀಕ್ಷೆ ಮಾಡಿ ನೋಡಿದ್ದೀರಾ ಎಂದು ಕೇಳಿದೆ. ಕಿಟ್ ಬಂದಿಲ್ಲವಂತೆ. ರೋಗವೇ ಇಲ್ಲದ ಮೇಲೆ ಕಿಟ್ ಏಕೆ ತರಿಸಬೇಕು, ಕಿಟ್ಟೇ ಇಲ್ಲದ ಮೇಲೆ ರೋಗ ಹೇಗೆ ಸಿಕ್ಕೀತು? ಎಷ್ಟು ಅಚ್ಚುಕಟ್ಟಾದ ಆಡಳಿತ!

ಶಿಡ್ಲಘಟ್ಟದ ಸುತ್ತ ನಾವೆಲ್ಲ ರೇಷ್ಮೆ ಹುಳು ಸಾಕುವವರು. ಹಿಪ್ಪುನೇರಳೆ ತೋಟದ ಹುಲ್ಲಿನಲ್ಲಿ ಕಣ್ಣಿಗೆ ಕಾಣದಂಥ ನುಸಿ ಇದ್ದು, ಅದು ಕಚ್ಚಿದರೆ ಈ ಜ್ವರ ಬರುತ್ತದೆಂದು ನನಗೆ ಈಗ ಗೊತ್ತು. ಇಲ್ಲದ ರೋಗಕ್ಕೂ ನಿಮ್ಮವರ ಬಳಿ ಉಪದೇಶವಿತ್ತು: ಮೈಗೆ ನುಸಿ ಓಡಿಸುವ ಮುಲಾಮು ಹಚ್ಚಿಕೊಂಡು ತೋಟಕ್ಕೆ ಹೋಗಿ! ಘಾಟು ತಾಗಿದರೆ ರೇಷ್ಮೆ ಹುಳು ಸಾಯುತ್ತದೆಂದು ನಾವು ತಲೆನೋವಿನ ಮುಲಾಮನ್ನೂ ಮುಟ್ಟುವುದಿಲ್ಲ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ನಿಮಗೆ?

ತಂಗಿಗೆ ಜ್ವರ ಬಂದಾಗ ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆ ಇತ್ತು.

"ಲಾಡಿ ಉಜ್ಜಿರೋದು ಬಿಡಕ್ಕ. ಸೊಪ್ಪು ಹೊರೋರಿಗೆಲ್ಲ ಆಗ್ತದೆ" ಎಂದಳು.

"ಡಾಕ್ಟ್ರಿಗೆ ತೋರ್ಸೇ."

"ಹೂಂ, ಅಷ್ಟು ಜನರ ಮುಂದೆ ಲಂಗ ಬಿಚ್ತೀನಿ. ಎಲ್ರೂ ಸಿನಿಮಾ ನೋಡ್ದಂಗೆ ನೋಡ್ಲಿ" ಎಂದು ನಕ್ಕಳು.

ನಮ್ಮ ಆಸ್ಪತ್ರೆಯಲ್ಲಿ ನಿಮ್ಮ ವೈದ್ಯರು ತಲೆಯನ್ನೇ ಎತ್ತಲಿಲ್ಲ. "ಟೈಫಾಯ್ಡ್ ಕಣಮ್ಮ, ಇಂಜೆಕ್ಷನ್ ಹಾಕಿಸ್ಕೊಂಡು ಹೋಗು" ಎಂದರು. ಆ ಇಂಜೆಕ್ಷನ್ ಈ ಜ್ವರಕ್ಕೆ ನಾಟುವುದಿಲ್ಲವಂತೆ. ಉಸಿರು ಕಟ್ಟತೊಡಗಿದ ಮೇಲೆ ಬೆಂಗಳೂರಿಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ ಪರದೆ ಎಳೆದು, ಲಾಡಿ ಸಡಿಲಿಸಿ, "ನುಸಿ ಕಚ್ಚಿದ ಗುರುತು ಇದು. ಇದನ್ನ ಯಾರೂ ನೋಡ್ಲಿಲ್ವಾ?" ಎಂದರು. ಅವರು ಹೇಳಿದ ಮಾತ್ರೆ ನಮ್ಮ ಆಸ್ಪತ್ರೆಯಲ್ಲಿ ಡಬ್ಬಿಗಟ್ಟಲೆ ಇದೆ. ಆದರೆ ಅಷ್ಟು ಹೊತ್ತಿಗೆ ನುಂಗುವ ಶಕ್ತಿಯೂ ತಂಗಿಗೆ ಉಳಿದಿರಲಿಲ್ಲ.

ಕಿಟ್ ತರಿಸಿ. ತೋಟಕ್ಕೆ ಬಂದು ನುಸಿ ಹಿಡಿದು ಪರೀಕ್ಷಿಸಿ. ಹುಳುವನ್ನೂ ಕೊಲ್ಲದ, ನಮ್ಮನ್ನೂ ಕಾಯುವ ಮದ್ದು ಯಾವುದೆಂದು ತಿಳಿದವರಿಂದ ಸಂಶೋಧನೆ ಮಾಡಿಸಿ. ಅಲ್ಲಿಯವರೆಗೆ ಪ್ರತಿ ಆಸ್ಪತ್ರೆಯಲ್ಲೂ ಒಂದು ಪರದೆ ಕಟ್ಟಿಸಿ, ಜ್ವರ ಬಂದ ಹೆಂಗಸರ ಮೈ ನೋಡಲು ಒಬ್ಬ ನರ್ಸಮ್ಮನನ್ನು ನಿಲ್ಲಿಸಿ. ಪರದೆಗೆ ಬಟ್ಟೆ ಇಲ್ಲವೆಂದು ಮಾತ್ರ ರೇಷ್ಮೆಯ ಊರಿನಲ್ಲಿ ಹೇಳಬೇಡಿ.

ಈಗ ತಂಗಿಯ ಮಗಳು ಹರಿತಾ ಸೊಪ್ಪು ಕೊಯ್ಯಲು ಹೋಗುತ್ತಾಳೆ. ಸಂಜೆ ಬಂದ ಕೂಡಲೇ ಬಾಗಿಲು ಹಾಕಿ ಅವಳ ಲಾಡಿ ಸಡಿಲಿಸಿ ನೋಡುತ್ತೇನೆ. "ಸಾಕು ಬಿಡು ದೊಡ್ಡಮ್ಮ, ದಿನಾ ಇದೇ ಆಯ್ತು" ಎಂದು ಗೊಣಗುತ್ತಾಳೆ. ನಾನು ಬಿಡುವುದಿಲ್ಲ.

ಇಂತಿ,
ನಿಮ್ಮ ಕೆಲಸವನ್ನು ಮನೆಯಲ್ಲಿ ಮಾಡುತ್ತಿರುವ
ರಾಧಾಮಣಿ