ಕೇಳದೆ ಹೊಲಿದ ಪಟ್ಟಿ

ರೀ,

ಅವಳಿಗಳು ಈಗಷ್ಟೇ ಮಲಗಿದಾವೆ, ಎಬ್ಬಿಸಬೇಡಿ. ಹಾಲು ಕಾಯಿಸಿದ್ದೀನಿ, ಆರಿಸಿ ಕೊಡಿ. ಇಸ್ತ್ರಿ ಪೆಟ್ಟಿಗೆ ಆಫ್ ಮಾಡೋದು ಮರೀಬೇಡಿ.

ಹೆರಿಗೆ ಆದಮೇಲೆ ಜೋತುಬಿದ್ದಿರೋ ಈ ಹೊಟ್ಟೆಗೆ ಆಪರೇಷನ್ ಮಾಡಿಸೋ ವಿಷಯ ಮಾತಾಡೋಕೆ ಡಾಕ್ಟರ್ ಹತ್ತಿರ ಹೋಗ್ತಿದ್ದೀನಿ.

ನಿನ್ನೆ ಬೀರು ತೆಗೆದು ನೋಡಿದೆ. ನನ್ನ ಅಂಗಿಗಳಿಗೆಲ್ಲ ಒಳಗಡೆ, ಹೊಟ್ಟೆ ಒತ್ತಿ ಹಿಡಿಯೋ ಹಾಗೆ ಬಿಗಿ ಪಟ್ಟಿ ಹೊಲಿದಿಟ್ಟಿದ್ದೀರಿ. ಗಿರಾಕಿಗಳನ್ನ ಎರಡೆರಡು ಸಲ ಕೇಳಿ ಅಳತೆ ತಗೊಳ್ಳೋ ದರ್ಜಿ, ಹೆಂಡತಿಯನ್ನ ಒಂದು ಮಾತು ಕೇಳಲಿಲ್ಲ! ಪ್ರೀತಿಯಿಂದಲೇ ಹೊಲಿದಿದ್ದೀರಿ, ಗೊತ್ತು. ಅದಕ್ಕೇ ಬಾಯಿತುಂಬ ಬೈಯೋಕೂ ಆಗ್ತಿಲ್ಲ.

ಇನ್ನು ಮಕ್ಕಳು ಬೇಡ ಅಂತ ಗಟ್ಟಿ ಮಾಡ್ಕೊಂಡ ಮೇಲೇನೇ ಈ ಆಪರೇಷನ್ ಮಾಡಿಸೋದು ಒಳ್ಳೇದಂತೆ. ನೀವು ನೋಡಿದ್ರೆ, ಬರೋ ವರ್ಷ ಇನ್ನೊಂದು ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟು ಕೂತಿದ್ದೀರಿ. ಅದನ್ನೂ ನನ್ನ ಕೇಳಲಿಲ್ಲ.

ಡಾಕ್ಟರಾದ್ರೂ ಇವತ್ತು ನನ್ನನ್ನ ಕೇಳ್ತಾರೆ.