ಕಚ್ಚುವ ಸಾಬೂನು

ಪಾನೋ ಖೋರ್ಯೋ, ಮಿತಿಲೀನಿ ದ್ವೀಪ
೧೨ ಏಪ್ರಿಲ್ ೧೯೮೪, ಗುರುವಾರ

ಪ್ರೀತಿಯ ಸ್ತ್ರಾತೀ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಹಡಗಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬನೇ ಎತ್ತಬೇಡ ಎಂದು ಹೋದ ಪತ್ರದಲ್ಲಿ ಎರಡೆರಡು ಸಲ ಬರೆದಿದ್ದೆ. ಅದಕ್ಕೆ ಉತ್ತರವೇ ಇಲ್ಲ, ಸ್ಯಾಂಟೋಸ್ ಬಂದರಿನಲ್ಲಿ ಬಾಳೆಹಣ್ಣು ಎಷ್ಟು ಸೋವಿ ಎಂದು ಒಂದು ಪುಟ ಬರೆದಿದ್ದೀಯ. ನಿನ್ನ ಬಾಳೆಹಣ್ಣು ಕಟ್ಟಿಕೊಂಡು ನನಗೇನಾಗಬೇಕು? ರಾತ್ರಿ ಬೆನ್ನಿಗೆ ಬಿಸಿ ಬಟ್ಟೆ ಹಾಕಿಕೊಳ್ಳುತ್ತೀಯೋ ಇಲ್ಲವೋ, ಅದನ್ನು ಬರಿ. ನಾವೆಲ್ಲ ದೇವರ ದಯದಿಂದ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ವಾಡಿಕೆ, ಬರೆದಿದ್ದೇನೆ. ಸಾಲುಗಳು ಕೆಳಕ್ಕೆ ಜಾರಿವೆ, ಅಕ್ಷರ ಸೊಟ್ಟಗಿವೆ ಎಂದು ಆಡಿಕೊಳ್ಳಬೇಡ. ಅಡುಗೆಮನೆಯ ಮೇಜಿನ ಕಾಲು ಕುಂಟುತ್ತಿದೆ, ನೀನು ಸರಿಮಾಡುತ್ತೇನೆ ಎಂದು ಹೇಳಿ ಮೂರು ವರ್ಷವಾಯಿತು.

ಈಗ ಸುದ್ದಿ. ನಮ್ಮ ಮೊಮ್ಮಗಳು ಪುಟ್ಟಿಯ ಮೈಮೇಲೆ ದದ್ದು ಎದ್ದಿತ್ತು. ಗಾಬರಿಯಾಗಬೇಡ, ಇಳಿಯುತ್ತಿದೆ. ಆದರೆ ಹೋದ ವಾರವಿಡೀ ರಾತ್ರಿ ಮೂರು ಮೂರು ಸಲ ಎದ್ದು ತೊಟ್ಟಿಲು ನೋಡಿದೆ. ಕುತ್ತಿಗೆ, ಕಂಕುಳು, ತೊಡೆಸಂದು, ಬಟ್ಟೆ ಒತ್ತುವ ಕಡೆಯೆಲ್ಲ ಕೆಂಪಾಗಿ, ಎರಡು ಕಡೆ ಚರ್ಮ ಸುಲಿದು ನೀರಾಡಿತ್ತು. ಐವತ್ತು ದಿನದ ಕೂಸು, ಸ್ತ್ರಾತೀ. ಇನ್ನೂ ಹೆಸರಿಟ್ಟಿಲ್ಲ, ಆಗಸ್ಟಿನಲ್ಲಿ ನೀನು ಬಂದ ಮೇಲೆ ದೀಕ್ಷಾಸ್ನಾನ ಮಾಡಿಸಿ ನನ್ನ ಹೆಸರನ್ನೇ ಇಡಬೇಕೆಂದು ನಿನ್ನ ಮಗಳು ಹಟ ಹಿಡಿದಿದ್ದಾಳೆ. ನನ್ನ ಹೆಸರು ಹೊರಬೇಕಾದವಳ ಮೈ ನನ್ನ ಕೈಯಿಂದಲೇ ಸುಟ್ಟಿತೇ ಎಂಬ ಚಿಂತೆ ನನಗೆ. ಯಾಕೆ ಹೀಗೆನ್ನುತ್ತೇನೆ ಎಂದು ತಿಳಿಯಬೇಕಾದರೆ ಸಾಬೂನಿನ ದಿನದಿಂದ ಹೇಳಬೇಕು.

ಫೆಬ್ರವರಿ ಇಪ್ಪತ್ತರಂದು ಸಾಬೂನು ಕಾಯಿಸಿದೆವು. ಜಾಡಿಗಳ ತಳದಲ್ಲಿ ಹಳೆಯ ಮಡ್ಡಿ ಆಲಿವ್ ಎಣ್ಣೆ ಐದು ಕಿಲೋ ಇತ್ತು. ಅಂಗಳದಲ್ಲಿ ತಾಮ್ರದ ಹಂಡೆ ಇಟ್ಟೆವು. ನಿನ್ನ ಅಮ್ಮ ಕುರ್ಚಿ ಹಾಕಿಸಿಕೊಂಡು ದಂಡನಾಯಕಿಯ ಹಾಗೆ ಕುಳಿತರು. ಎಂಬತ್ತನಾಲ್ಕಾಯಿತು, ನಾಲಿಗೆಗೆ ಮಾತ್ರ ಇಪ್ಪತ್ತೇ. ಮಗಳು ಆರ್ಗಿರೊ ತುಂಬು ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ತಾಸೂಲಾ ಕರೆಯದೆಯೇ ಬಂದಳು, ಅವಳು ಯಾವತ್ತು ಕರೆದ ಮೇಲೆ ಬಂದಿದ್ದಾಳೆ ಹೇಳು. ಕಾಸ್ಟಿಕ್ ಸೋಡಾ ತೂಗಿದವಳು ಎಂದಿನಂತೆ ನಾನೇ. ಹದಿನೈದು ವರ್ಷದ ಹಿಂದೆ ಅತ್ತೆಯ ಕೈ ನಡುಗಲು ಶುರುವಾದಾಗ ತಕ್ಕಡಿಯನ್ನು ನನ್ನ ಮುಂದಿಟ್ಟು, ‘ತಗೋ, ಇನ್ಮೇಲೆ ಕಣ್ಣಿರೋರು ತೂಗ್ಲಿ’ ಎಂದಿದ್ದರಲ್ಲ, ಅಂದಿನಿಂದ ಆ ಕೆಲಸ ನನ್ನದು. ಐದು ಕಿಲೋ ಎಣ್ಣೆಗೆ ಆರುನೂರ ಐವತ್ತು ಗ್ರಾಂ, ಹೆಚ್ಚಾದರೆ ಸಾಬೂನು ಚರ್ಮ ಸುಡುತ್ತದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಿಮ್ಮ ಮನೆಯ ಕಟ್ಟಳೆ ನಿನಗೆ ಗೊತ್ತೇ ಇದೆ. ಹಂಡೆ ಕುದಿಯುವಾಗ ಸುತ್ತ ನಿಂತವರೆಲ್ಲ ಒಂದೊಂದು ಸುಳ್ಳು ಹೇಳಬೇಕು. ಸುಳ್ಳು ಕುಡಿದ ಸಾಬೂನು ಮೆತ್ತಗೆ ತೊಳೆಯುತ್ತದೆ, ನಿಜ ಕುಡಿದದ್ದು ಕಚ್ಚುತ್ತದೆ. ಮದುವೆಯಾಗಿ ಬಂದ ವರ್ಷ ಇದನ್ನು ಕೇಳಿ ನಾನು ನಕ್ಕಿದ್ದಕ್ಕೆ ಅತ್ತೆ ಮೂರು ದಿನ ಮಾತು ಬಿಟ್ಟಿದ್ದರು. ನೀನಿದ್ದಿದ್ದರೆ ಕುತ್ತಿಗೆಗೆ ಚರ್ಚಿನ ಗಂಟೆ ಕಟ್ಟಿಕೊಂಡ ತಿಮಿಂಗಿಲದ ಕಥೆಯನ್ನೇ ಮತ್ತೆ ಹೇಳುತ್ತಿದ್ದೆ. ತಾಸೂಲಾ, ‘ನಿನ್ನೆ ನನ್ನ ಗಂಡ ತಾನಾಗೇ ಎದ್ದು ತಟ್ಟೆ ತೊಳ್ದ ಕಣ್ರೇ’ ಎಂದಳು. ಅತ್ತೆ, ‘ನನ್ನ ಮಗ ಹೆಂಡ್ತಿ ಮಾತಿಗಿಂತ ತಾಯಿ ಮಾತು ಜಾಸ್ತಿ ಕೇಳ್ತಾನೆ’ ಎಂದು ನನ್ನ ಕಡೆ ನೋಡಿದರು. ಆರ್ಗಿರೊ ಹೊಟ್ಟೆ ಸವರಿಕೊಳ್ಳುತ್ತ, ‘ನಂಗೆ ಒಂಚೂರೂ ಭಯ ಇಲ್ಲಪ್ಪ’ ಎಂದಳು. ಪಾಪ, ಅದಕ್ಕೆ ಯಾರೂ ನಗಲಿಲ್ಲ. ಆಮೇಲೆ ನನ್ನ ಸರದಿ. ಏನೂ ಹೊಳೆಯದೆ, ‘ನಂಗೆ ಎಡಗಣ್ಣು ಕಾಣಿಸ್ತಿಲ್ಲ’ ಎಂದುಬಿಟ್ಟೆ. ತಾಸೂಲಾ ಬಿದ್ದು ಬಿದ್ದು ನಕ್ಕಳು. ‘ಬೀದಿ ಆ ತುದೀಲಿ ನಿಂತಿದ್ರೂ ನನ್ನ ಲಂಗದ ಹರಕು ಕಂಡುಹಿಡಿಯೋಳು ನೀನು, ನಿಂಗೆ ಕಣ್ಣು ಕಾಣ್ಸಲ್ವಾ!’ ಈ ವರ್ಷದ ಸುಳ್ಳಿನ ಬಹುಮಾನ ನನಗೇ ಎಂದು ಎಲ್ಲರೂ ಒಪ್ಪಿದರು.

ಸಾಬೂನು ಬಲು ಬೇಗ ಗಟ್ಟಿಯಾಯಿತು. ಮರುದಿನ ಕತ್ತರಿಸಿದಾಗ ಎಂದಿನ ಹಸಿರು ಛಾಯೆಯಿಲ್ಲದೆ ಬೆಳ್ಳಗಿತ್ತು, ಅಂಚುಗಳು ಪುಡಿಪುಡಿಯಾಗಿ ಉದುರಿದವು. ಚಂದವಾಗಿದೆ ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳಿಸಿಕೊಂಡೆ. ಅದರ ಮರುದಿನವೇ ಆರ್ಗಿರೊಗೆ ನೋವು ಬಂತು, ಪುಟ್ಟಿ ಹುಟ್ಟಿದಳು. ಬಾಣಂತಿಗೂ ನಲವತ್ತು ದಿನ, ಸಾಬೂನಿಗೂ ನಲವತ್ತು ದಿನ, ಇಬ್ಬರೂ ಒಳಗೇ ಇರಬೇಕು ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಅಲ್ಲಿಯವರೆಗೆ ಕೂಸಿನ ಬಟ್ಟೆಯನ್ನು ಹೋದ ವರ್ಷದ ಸಾಬೂನಿನಲ್ಲಿ ಒಗೆದೆ. ನಲವತ್ತು ಮುಗಿದು ತಾಯಿ-ಮಗುವನ್ನು ಚರ್ಚಿಗೆ ಕರೆದುಕೊಂಡು ಹೋಗುವ ಹಿಂದಿನ ದಿನ ಹೊಸದನ್ನು ತೆಗೆದು ಬಿಳಿ ಅಂಗಿ, ಟೋಪಿ, ಲಂಗೋಟಿಗಳನ್ನೆಲ್ಲ ಉಜ್ಜಿ ಉಜ್ಜಿ ಒಗೆದೆ. ಕೊನೆಯ ನೀರಿಗೆ ಒಂದು ಲೋಟ ವಿನೆಗರ್ ಹಾಕಬೇಕಿತ್ತಲ್ಲ, ಬಟ್ಟೆ ಕಿವಿಯ ತುದಿಯ ಹಾಗೆ ಮೆತ್ತಗಾಗಲಿ ಎಂದು? ಶೀಶೆ ಖಾಲಿಯಾಗಿತ್ತು, ಒಂದು ಸಲಕ್ಕೆ ಏನಾಗುತ್ತದೆ ಎಂದು ಬಿಟ್ಟೆ. ಭಾನುವಾರ ಚರ್ಚಿನಲ್ಲಿ ಪುಟ್ಟಿ ಅತ್ತಿದ್ದೇ ಅತ್ತಿದ್ದು. ದೃಷ್ಟಿಯಾಗಿದೆ ಎಂದು ತಾಸೂಲಾ ಥೂ ಥೂ ಥೂ ಎಂದು ಮೂರು ಸಲ ಉಗಿದಳು. ಬುಧವಾರದ ಹೊತ್ತಿಗೆ ದದ್ದು.

ಪೇಟೆಯಿಂದ ಡಾಕ್ಟರು ಬಂದು ಮುಲಾಮು ಕೊಟ್ಟರು. ಬಟ್ಟೆ ಯಾವುದರಲ್ಲಿ ಒಗೆಯುತ್ತೀರಿ ಎಂದು ಕೇಳಿದರು. ಮನೆಯದೇ ಸಾಬೂನು, ನನ್ನ ಕೈಯದೇ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಹಾಗಾದರೆ ಅದರಲ್ಲೇನೂ ದೋಷವಿರಲಾರದು ಎಂದು ಅವರು ಹೊರಟುಹೋದರು. ಅವರು ಮೆಟ್ಟಿಲಿಳಿಯುತ್ತಿದ್ದಾಗಲೇ ಆ ಬೆಳ್ಳಗಿನ ಬಣ್ಣ, ಉದುರುವ ಅಂಚು ನೆನಪಾಯಿತು. ತಕ್ಕಡಿಯ ಮುಳ್ಳು ನೆನಪಾಯಿತು.

ಸ್ತ್ರಾತೀ, ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಎರಡು ದಿನ ನಾನು ತುಟಿ ಪಿಟಕ್ಕೆನ್ನಲಿಲ್ಲ, ಆ ಎರಡೂ ದಿನ ನಿನ್ನ ಮಗಳು ತನ್ನನ್ನೇ ಬೈದುಕೊಂಡು ಅತ್ತಳು. ತಾಸೂಲಾ ಬಂದು, ‘ಅವರೆಬೇಳೆ ತಿಂದ್ಯಾ? ಆಕ್ಟೋಪಸ್ ತಿಂದ್ಯಾ? ಹಾಲು ಉಷ್ಣ ಆಗಿದೆ ಬಿಡು, ಡಬ್ಬಿ ಹಾಲು ಶುರು ಮಾಡು’ ಎಂದು ಅವಳ ತಲೆ ತಿಂದಳು. ಆರ್ಗಿರೊ ರೊಟ್ಟಿ, ಅನ್ನ ಬಿಟ್ಟು ಏನನ್ನೂ ಮುಟ್ಟಲಿಲ್ಲ. ‘ನನ್ನ ಹಾಲೇ ವಿಷ ಆಯ್ತಲ್ಲಮ್ಮಾ’ ಎಂದು ನನ್ನ ಮಡಿಲಿಗೆ ತಲೆಯಿಟ್ಟಳು. ನಾನು ತಲೆ ಸವರುತ್ತ ಕುಳಿತೆ. ನಿನ್ನ ಹಾಲಲ್ಲ ಮಗಳೇ, ನನ್ನ ಸಾಬೂನು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹೇಳಿದರೆ ಯಾಕೆ ಹೀಗಾಯಿತು ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿಕೊಂಡೆ.

ಶನಿವಾರ ಬೆಳಗ್ಗೆ ನಿನ್ನ ಅಮ್ಮ ಒಗೆಯುವ ಕಲ್ಲಿನ ಹತ್ತಿರ ಕೋಲೂರಿಕೊಂಡು ಬಂದರು. ಸಾಬೂನಿನ ತುಂಡು ಎತ್ತಿಕೊಂಡು, ಮಕ್ಕಳು ಮಿಠಾಯಿ ನೆಕ್ಕುವ ಹಾಗೆ ನಾಲಿಗೆಯ ತುದಿಗೆ ತಾಗಿಸಿದರು, ಕೂಡಲೇ ಉಗುಳಿದರು. ‘ಕಚ್ತು’ ಎಂದರು. ನಾಲಿಗೆ ತೊಳೆದುಕೊಂಡು ನಿಧಾನವಾಗಿ, ‘ಹಂಡೆ ಮುಂದೆ ಯಾರೋ ನಿಜ ಹೇಳಿದಾರೆ’ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಕಥೆ. ಯಾರೂ ಕೇಳದೆಯೇ, ‘ತಕ್ಕಡಿ ಹಳೇದಾಯ್ತು ಅತ್ತೆ, ಮುಳ್ಳು ಹಿಡ್ಕೊಳ್ತದೆ’ ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

ನಾನು ನೇರ ಒಳಗೆ ಹೋಗಿ ಆರ್ಗಿರೊಗೆ ಹೇಳಿದೆ, ತಪ್ಪು ಸಾಬೂನಿನದು, ನಿನ್ನ ಹಾಲಿನದಲ್ಲ, ತಕ್ಕಡಿ ಕೆಟ್ಟಿರಬೇಕು ಅಂತ. ಅವಳು ಅಳುತ್ತಲೇ ನಕ್ಕಳು, ಅವತ್ತೇ ಎರಡು ತಟ್ಟೆ ಅವರೆಬೇಳೆ ತಿಂದಳು. ಅಳಿಯ ಪಾಂದೆಲಿಸ್ ನಿನಗೆ ಗೊತ್ತಲ್ಲ, ಕೆಟ್ಟದ್ದು ಎಂದರೆ ಸಾಕು, ಬಿಚ್ಚಬೇಕು ಇಲ್ಲವೇ ರಿಪೇರಿಗೆ ಹೊರಬೇಕು. ತಕ್ಕಡಿಯನ್ನು ಕಂಕುಳಲ್ಲಿಟ್ಟುಕೊಂಡು ಪೇಟೆಗೆ ಹೋದ. ಈ ಶನಿವಾರ ತರುತ್ತಾನಂತೆ. ಅಂದಿನಿಂದ ಶನಿವಾರ ಬರದಿದ್ದರೆ ಸಾಕು ಎನಿಸುತ್ತಿದೆ.

ಅತ್ತೆ ಈಗ ಕೂಸಿನ ಬಟ್ಟೆಗೆ ಸಾಬೂನೇ ಬೇಡ ಎಂದಿದ್ದಾರೆ. ಅವರ ತಾಯಿಯ ಕಾಲದ ಹಾಗೆ ಬೂದಿನೀರು. ಆಲಿವ್ ಕಟ್ಟಿಗೆಯ ಬೂದಿಯನ್ನು ಜರಡಿ ಹಿಡಿದು, ನೀರಲ್ಲಿ ಕುದಿಸಿ, ರಾತ್ರಿಯಿಡೀ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಬೇಕು. ಆ ತಿಳಿನೀರಲ್ಲಿ ಬಟ್ಟೆ ನೆನೆಸಿ, ಕೊನೆಗೆ ವಿನೆಗರ್ ಬೆರೆಸಿದ ನೀರಲ್ಲಿ ಅದ್ದಿ ಹಿಂಡಿದರೆ ಆಯಿತು. ಹಳೆಯದೆಲ್ಲವನ್ನೂ ಹಾಗೆ ಮತ್ತೆ ಒಗೆದೆ, ಬಟ್ಟೆ ಬೆಣ್ಣೆಯ ಹಾಗಾಗಿದೆ, ದದ್ದು ಅದಕ್ಕೇ ಇಳಿದದ್ದು. ನೀರು ಹದಕ್ಕೆ ಬಂತೋ ಎಂದು ನೋಡಲು ನಾನು ಪಾತ್ರೆಯ ಮೇಲೆ ಬಗ್ಗಿದಾಗ ಅತ್ತೆ ನನ್ನ ಕೈ ಹಿಡಿದು ನೀರಿಗಿಟ್ಟು, ‘ಬಗ್ಗಿ ನೋಡೋದೇನೂ ಬೇಡ. ಬೆರಳಿಗೆ ಬೆರಳು ಉಜ್ಜು. ಜಾರಿದ್ರೆ ಆಯ್ತು ಅಂತ. ಬೂದಿನೀರಿಗೆ ಕಣ್ಣು ಬೇಡ ಕಣೇ ಹುಡುಗಿ, ಬೆರಳು ಸಾಕು’ ಎಂದರು. ಐವತ್ತಾರರ ನನ್ನನ್ನು ಅವರು ಹುಡುಗಿ ಎಂದು ಕರೆದು ಮೂವತ್ತು ವರ್ಷವಾಗಿತ್ತು. ಆ ಕೈಯನ್ನು ಅವರು ಬೇಗ ಬಿಡಲಿಲ್ಲ.

ಕೆಟ್ಟ ಸಾಬೂನನ್ನು ಸೋಮವಾರ ಇನ್ನೊಂದೂವರೆ ಕಿಲೋ ಎಣ್ಣೆ ಹಾಕಿ ಮತ್ತೆ ಕಾಯಿಸುತ್ತೇವೆ. ಈಸ್ಟರಿಗೆ ಮುಂಚೆ ಮುಗಿಸಬೇಕು. ಈ ಸಲ ತೂಕವಿಲ್ಲ, ನಾಲಿಗೆಯಲ್ಲೇ ಪರೀಕ್ಷೆ ಎಂದಿದ್ದಾರೆ ಅತ್ತೆ. ‘ಎಲ್ರೂ ನೆಟ್ಟಗೆ ಸುಳ್ಳು ಹೇಳ್ಬೇಕು, ಇಲ್ದಿದ್ರೆ ಅಂಗಳಕ್ಕೆ ಬರ್ಬೇಡಿ’ ಎಂದು ತಾಸೂಲಾಗೂ ತಾಕೀತಾಗಿದೆ.

ನೀನು ಅಲ್ಲಿ ಉಪವಾಸ ಗಿಪವಾಸ ಎಂದು ಹೊಟ್ಟೆ ಒಣಗಿಸಬೇಡ. ಸಮುದ್ರದ ಮೇಲಿರುವವನಿಗೆ ದೇವರು ರಿಯಾಯಿತಿ ಕೊಡುತ್ತಾನೆ. ಅಮ್ಮ ನಿನಗೆ ಹರಸಿದ್ದಾರೆ, ಮಗಳು ಅಳಿಯ ನಿನ್ನ ಕೈಗೆ ಮುತ್ತಿಟ್ಟಿದ್ದಾರೆ, ಪುಟ್ಟಿ ಈಗತಾನೆ ಸೀನಿದಳು, ಅದನ್ನು ಅವಳ ನಮಸ್ಕಾರ ಎಂದುಕೋ. ಮಾತೆ ಮೇರಿ ನಿನ್ನ ಹಡಗಿಗೆ ತಿಳಿಗಡಲು ಕೊಡಲಿ.

ನಿನ್ನ ದಾರಿ ಕಾಯುವ,
ಮಿರ್ಸಿನಿ

ತಾ.ಕ.: ಶನಿವಾರ. ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಪಾಂದೆಲಿಸ್ ಈಗ ಬಂದ. ತಕ್ಕಡಿಗೆ ಏನೂ ಆಗಿಲ್ಲವಂತೆ, ಗ್ರಾಮಿಗೆ ಗ್ರಾಮು ಸರಿಯಿದೆಯಂತೆ. ಅವನು ಹಾಗೆನ್ನುತ್ತಿದ್ದಂತೆ ಆರ್ಗಿರೊ ಪುಟ್ಟಿಯನ್ನೆತ್ತಿಕೊಂಡು ನನ್ನ ಎಡಕ್ಕೆ ಬಂದು ನಿಂತಳು. ಅವಳ ಮುಖದಲ್ಲಿ ಕೋಪವಿತ್ತೋ ಅಳುವಿತ್ತೋ ನನಗೆ ಕಾಣಿಸಲಿಲ್ಲ. ಹಂಡೆಯ ಮುಂದೆ ನಾನು ಹೇಳಿದ್ದು ಸುಳ್ಳಲ್ಲ, ಸ್ತ್ರಾತೀ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡೋಣ ಎನಿಸಿತ್ತು. ಎಡಗಣ್ಣು ಕ್ರಿಸ್ಮಸ್ಸಿನಿಂದ ಮಂಜು, ಈಗ ಬಲಗಣ್ಣಿನ ಅಂಚಿನಲ್ಲೂ ಶುರುವಾಗಿದೆ. ಎಂಟನ್ನು ಆರೆಂದು ಓದಿ ಎಂಟುನೂರ ಐವತ್ತು ಗ್ರಾಂ ಸೋಡಾ ಸುರಿದಿದ್ದೇನೆ. ಈ ಸಾಲುಗಳು ಜಾರಿದ್ದೂ ಮೇಜಿನ ಕಾಲಿನಿಂದಲ್ಲ. ಮೊದಲು ನಿನಗೆ ಹೇಳಬೇಕಿತ್ತು, ಹೇಳಿದೆ, ಇದನ್ನು ಅಂಚೆಗೆ ಹಾಕಿ ಬಂದು ಆರ್ಗಿರೊಗೂ ಹೇಳುತ್ತೇನೆ. ಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಲು ಭಯ, ಅವಳನ್ನೇ ಕರೆದುಕೊಂಡು ಹೋಗುತ್ತೇನೆ. ಸೋಮವಾರದ ನನ್ನ ಸುಳ್ಳು ತಯಾರಿದೆ, ‘ನನ್ನ ಎರಡೂ ಕಣ್ಣು ಚೆನ್ನಾಗಿ ಕಾಣ್ತವೆ’ ಅನ್ನುತ್ತೇನೆ, ಸಾಬೂನು ಈ ಸಲ ಕಚ್ಚುವುದಿಲ್ಲ. ಆಗಸ್ಟಿನವರೆಗೆ ಕಾಯಬೇಡ, ಬೇಗ ಬರಲಾದರೆ ಬಾ. ಬರಲಾಗದಿದ್ದರೆ ಮುಂದಿನ ಪತ್ರವನ್ನು ದೊಡ್ಡ ದೊಡ್ಡ ಅಕ್ಷರದಲ್ಲಿ ಬರಿ, ಒಂದು ಪುಟಕ್ಕೆ ನಾಲ್ಕೇ ಸಾಲಾದರೂ ಸರಿ. ನಿನ್ನ ಪತ್ರವನ್ನು ಬೇರೆಯವರ ಬಾಯಲ್ಲಿ ಕೇಳಲು ನನಗಿಷ್ಟವಿಲ್ಲ.